ಬೀಗರ ಮನೆಯ ಏಣಿ

ನನ್ನ ಗಂಡ ರಾಮಾಂಜಿನಪ್ಪನವರಿಗೆ ಯಾರ ಮನೆಗೆ ಹೋದರೂ ಮೊದಲು ಕಾಣುವುದು ಮನುಷ್ಯರಲ್ಲ, ವೈರು. ಮನೆಯವರು ಬಾಗಿಲಿಗೆ ಬಂದು ಕೈ ಮುಗಿಯುವಷ್ಟರಲ್ಲಿ ಇವರ ಕಣ್ಣು ಅವರ ತಲೆಯ ಮೇಲಿಂದ ಹಾದು ಮೀಟರ್ ಬೋರ್ಡಿಗೆ ಹೋಗಿ, ಅಲ್ಲಿಂದ ಸೂರಿನುದ್ದಕ್ಕೂ ಸಾಗಿ, ಹಿತ್ತಲಿಗೆ ಎಳೆದ ಲೈನು ಎಲ್ಲಿ ಜೋತುಬಿದ್ದಿದೆ ಎಂದು ಹುಡುಕಿಕೊಂಡು ಬಂದಿರುತ್ತದೆ. ನಮಸ್ಕಾರ ಆಮೇಲೆ. ಚಿಂತಾಮಣಿಯಲ್ಲಿ ಇವರನ್ನು ‘ಮೇಲೆ ನೋಡೋ ರಾಮಾಂಜಿನಪ್ಪ’ ಅಂತಲೇ ಗುರುತು ಹಿಡಿಯುತ್ತಾರೆ. ಸೊಕ್ಕಿನಿಂದ ತಲೆ ಎತ್ತಿ ನಡೆಯುತ್ತಾರೆ ಎಂದು ತಪ್ಪು ತಿಳಿದವರೂ ಇದ್ದಾರೆ. ಸೊಕ್ಕು ಎಲ್ಲಿಂದ ಬರಬೇಕು ಪಾಪ, ನೆಮ್ಮದಿಯೇ ಇಲ್ಲದ ಮನುಷ್ಯನಿಗೆ.

ಅವರ ಊರು ಅಂಬಾಜಿದುರ್ಗದ ಬುಡದಲ್ಲಿರುವ ಒಂದು ಹಳ್ಳಿ. ಮನೆಯಲ್ಲಿ ಹೊಲ ಇತ್ತು, ಈಗಲೂ ಇದೆ. ಅಣ್ಣಂದಿರು ರಾಗಿ, ಟೊಮೆಟೊ ಬೆಳೆದುಕೊಂಡು ಚೆನ್ನಾಗಿದ್ದಾರೆ. ಇವರು ಮಾತ್ರ ಐಟಿಐ ಓದಿ, ಒಬ್ಬ ಕಂಟ್ರಾಕ್ಟರ್ ಹಿಂದೆ ವರ್ಷಗಟ್ಟಲೆ ವೈರಿನ ಸುರುಳಿ ಹೊತ್ತು ತಿರುಗಿ, ಕೊನೆಗೆ ಸ್ವಂತ ಲೈಸೆನ್ಸ್ ಮಾಡಿಸಿಕೊಂಡು ಚಿಂತಾಮಣಿಗೆ ಬಂದು ನೆಲೆಸಿದರು. ಮುರುಗಮಲ್ಲದಲ್ಲಿ ದರ್ಗಾದ ಮುಂದಿನ ಅಂಗಡಿಗಳಿಗೆ, ಕೈವಾರದಲ್ಲಿ ಯಾತ್ರಿಕರು ಇಳಿದುಕೊಳ್ಳುವ ಕೋಣೆಗಳಿಗೆ ವೈರಿಂಗ್ ಮಾಡಿದ್ದಾರೆ. ಮಾಡಿ ಮುಗಿಸಿದ ಕೆಲಸವನ್ನು ಮುಗಿಯಿತು ಎಂದು ಬಿಟ್ಟು ಬರುವ ಜಾಯಮಾನ ಅವರದಲ್ಲ. ಮನೆಗೆ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತವರು, ಆ ಮೂಲೆಯ ಜಾಯಿಂಟಿಗೆ ಟೇಪ್ ಸರಿಯಾಗಿ ಸುತ್ತಿದೆನೋ ಇಲ್ಲವೋ ಎಂದು ಗೊಣಗಿಕೊಂಡು ಎದ್ದು, ಗಾಡಿ ಹತ್ತಿ ಮುರುಗಮಲ್ಲಕ್ಕೇ ಹೋದದ್ದಿದೆ. ಟೇಪ್ ಸರಿಯಾಗಿಯೇ ಇರುತ್ತಿತ್ತು. ಕೆಟ್ಟಿದ್ದು ನಾನು ಬಿಸಿ ಮಾಡಿಟ್ಟ ಸಾರು.

ನಾನು ಅಂಗನವಾಡಿ ಟೀಚರ್. ದಿನವಿಡೀ ಒಂದು ಕಡೆ ಕೂರದ ಮಕ್ಕಳನ್ನು ಕೂರಿಸಿ ಕೂರಿಸಿ ಸಾಕಾಗಿ ಮನೆಗೆ ಬಂದರೆ ಇಲ್ಲೂ ಅದೇ ಪಾಡು. ಇವರು ಕುರ್ಚಿಯ ಅಂಚಿನಲ್ಲಿ ಕೂತಿರುತ್ತಾರೆ, ಮಂಡಿ ಅಲ್ಲಾಡುತ್ತಿರುತ್ತದೆ. ಬೆನ್ನು ಕುರ್ಚಿಗೆ ತಾಗಿಸಿ ಕೂತದ್ದನ್ನು ನಾನು ನೋಡಿದ ನೆನಪಿಲ್ಲ. ಅವರಿಗೆ ಕನ್ನಡದಲ್ಲಿ ಆಗದ ಪದ ಒಂದೇ, ‘ಸದ್ಯಕ್ಕೆ’. ಸದ್ಯಕ್ಕೆ ಒಂದು ವೈರು ಎಳೆದುಕೊಡಿ, ಆಮೇಲೆ ನೋಡೋಣ ಎಂದವರ ಮನೆಗೆ ಅವರು ಕೆಲಸಕ್ಕೇ ಹೋಗುವುದಿಲ್ಲ. ಒಮ್ಮೆ ಸಿಟ್ಟಿನಲ್ಲಿ ನನ್ನ ಹತ್ತಿರ ಹೇಳಿದ್ದರು:

“ಮನೆಗೆ ಒಳ್ಳೇ ವೈರು ಹಾಕಿಸ್ತಾರೆ ಕಣೇ. ಕೊಟ್ಟಿಗೆಗೆ, ಶೆಡ್ಡಿಗೆ, ಮೋಟರ್ ಮನೆಗೆ ಉಳಿದಿದ್ದು ಬಳಿದಿದ್ದು. ಜನ ಸಾಯೋದು ಅಲ್ಲೇ.”

ಇಂಥವರಿಗೆ ಒಬ್ಬಳೇ ಮಗಳು, ಹರಿತಾ. ಹೋದ ವರ್ಷ ಅವಳ ಮದುವೆ ಆಯಿತು. ಧಾರೆಯ ಹೊತ್ತಿನಲ್ಲಿ ನಾನು ಕಣ್ಣೀರು ಒರೆಸಿಕೊಳ್ಳುತ್ತಿದ್ದರೆ ಇವರು ಛತ್ರದ ಜನರೇಟರ್ ಕೇಬಲ್ಲು ಊಟದ ಹಾಲಿನ ನೀರಿನಲ್ಲಿ ಬಿದ್ದಿದೆಯೇನೋ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ವಿಡಿಯೋದಲ್ಲಿ ಅದೂ ಸೆರೆಯಾಗಿದೆ. ಬಂದವರಿಗೆಲ್ಲ ತೋರಿಸಿ ನಗುತ್ತೇನೆ.

ಹುಡುಗ ರಮೇಶ್‌ಬಾಬು ಶಿಡ್ಲಘಟ್ಟದಲ್ಲಿ ಒಂದು ಸೊಸೈಟಿಯ ಕೆಲಸದಲ್ಲಿದ್ದಾನೆ. ಊರು ಪಟ್ಟಣದಿಂದ ಸ್ವಲ್ಪ ಒಳಗೆ. ಬೀಗರು ಆವುಲಪ್ಪನವರು, ಬೀಗಿತ್ತಿ ಅಮ್ಮಾಜಮ್ಮ, ಇಬ್ಬರೂ ರೇಷ್ಮೆಯಲ್ಲೇ ಹುಟ್ಟಿ ಬೆಳೆದವರು. ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಅಂಗಳ ದಾಟಿದರೆ ರೇಷ್ಮೆ ಹುಳು ಸಾಕುವ ಉದ್ದನೆಯ ಹುಳು ಮನೆ, ಅದರ ಪಕ್ಕಕ್ಕೆ ಅಳಿಯ ಕಾರು ತಂದ ಮೇಲೆ ಕಟ್ಟಿಸಿದ ತಗಡಿನ ಶೆಡ್ಡು. ಒಳ್ಳೆಯ ಜನ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವ ತೊಂದರೆಯೆಲ್ಲ ಅವರ ಒಳ್ಳೆಯತನದಿಂದಲೇ ಬಂದದ್ದು.

ಮದುವೆಯಾದ ಮೇಲೆ ಮೊದಲ ಸಲ ಬೀಗರ ಮನೆಗೆ ಊಟಕ್ಕೆ ಹೋದೆವು. ಅಂಗಳದ ಹೊಂಗೆ ಮರದ ನೆರಳಿನಲ್ಲಿ ಕುರ್ಚಿ ಹಾಕಿದರು. ಆವುಲಪ್ಪನವರಿಗೆ ಮರ್ಯಾದೆ ಉಕ್ಕಿದಾಗ ಮಾತು ತೆಲುಗಿಗೆ ಜಾರುತ್ತದೆ. “ಕೂಚೋಂಡಿ ಬೀಗರೇ, ಕೂಚೋಂಡಿ” ಎಂದು ಇವರನ್ನು ಕೂರಿಸಿದರು. ಇವರು ಕೂತರು, ಮೇಲೆ ನೋಡಿದರು, ಅಷ್ಟೇ. ಆಮೇಲೆ ಒಬ್ಬಟ್ಟು ತಿಂದರೋ ಎಲೆ ತಿಂದರೋ ಅವರಿಗೆ ಗೊತ್ತಿಲ್ಲ.

ಮನೆಯ ಬೋರ್ಡಿನಿಂದ ಹುಳು ಮನೆಗೆ ಅಂಗಳದ ಮೇಲೆ ಒಂದು ಕಬ್ಬಿಣದ ತಂತಿ ಬಿಗಿದಿತ್ತು. ಅದಕ್ಕೆ ಸುತ್ತಿಕೊಂಡು ಕರೆಂಟಿನ ವೈರು ಹೋಗಿತ್ತು. ಎರಡೂ ಹುಳು ಮನೆಯ ತಗಡಿನ ಅಂಚನ್ನು ಉಜ್ಜಿಕೊಂಡು ಇಳಿದಿದ್ದವು, ತಂತಿಯ ತುದಿ ಕಿಟಕಿಯ ಕಬ್ಬಿಣದ ಸರಳಿಗೆ ಗಂಟು ಬಿದ್ದಿತ್ತು. ಅಲ್ಲಿಂದ ಮುಂದೆ ಅದೇ ವೈರಿಗೆ ಇನ್ನೊಂದು ತುಂಡು ಸೇರಿಸಿ ಕಾರಿನ ಶೆಡ್ಡಿಗೆ ಎಳೆದಿದ್ದರು. ಹುಳು ಮನೆಯ ಒಳಗೆ ಫ್ಯಾನು, ಲೈಟು. ಶೆಡ್ಡಿನಲ್ಲಿ ಕಾರು ತೊಳೆಯುವ ಪಂಪು. ಎಲ್ಲದಕ್ಕೂ ಇದೊಂದೇ ವೈರು. ಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಚಲಪತಿ ಎನ್ನುವವನು ಶೆಡ್ಡು ಕಟ್ಟಿದಾಗ ಎಳೆದುಕೊಟ್ಟದ್ದಂತೆ. ಸದ್ಯಕ್ಕೆ ಅಂತಲೇ ಹೇಳಿ ಎಳೆದಿದ್ದನಂತೆ.

ಊಟ ಆದ ಮೇಲೆ ಇವರು ತಡೆಯಲಾರದೆ, ಒಂದು ಏಣಿ ಇದ್ದರೆ ಕೊಡಿ ಬೀಗರೇ, ಹತ್ತಿ ನೋಡಿಬಿಡುತ್ತೇನೆ ಎಂದರು. ಆವುಲಪ್ಪನವರ ಮುಖ ಇಷ್ಟಾಯಿತು. ಹೆಣ್ಣು ಕೊಟ್ಟ ಬೀಗರು ಹೊಸಬಟ್ಟೆ ಉಟ್ಟು ಮನೆಗೆ ಬಂದಿದ್ದಾರೆ, ಅವರನ್ನು ಏಣಿ ಹತ್ತಿಸುವುದೇ? ಊರವರು ನೋಡಿದರೆ ಸೊಸೆಯ ಅಪ್ಪನನ್ನು ಕೂಲಿಗೆ ಇಟ್ಟುಕೊಂಡರು ಎನ್ನುವುದಿಲ್ಲವೇ?

“ನೀವು ಏಣಿ ಹತ್ತಿದ್ರೆ ನಾವು ತಲೆ ಎತ್ತಂಗಿಲ್ಲ ಬೀಗರೇ,” ಎಂದರು. “ನೀವು ಕೂತ್ಕೊಂಡು ಹೇಳಿ ಸಾಕು. ಚಲಪತಿಗೆ ಹೇಳಿ ಮಾಡಿಸ್ತೀನಿ.”

ನಾನೂ ಇವರ ತೊಡೆ ಚಿವುಟಿದೆ. ಹೊಸ ಬೀಗತನ, ಮಗಳು ಆ ಮನೆಯಲ್ಲಿ ಇನ್ನೂ ಪಾತ್ರೆ ಎಲ್ಲಿದೆ ಎಂದು ಕೇಳಿ ತೆಗೆಯುತ್ತಿರುವ ದಿನಗಳು. ಮೊದಲ ಊಟಕ್ಕೇ ನಿಮ್ಮ ಮನೆಯ ವೈರು ಸರಿಯಿಲ್ಲ ಎಂದರೆ ಅದು ನಿಮ್ಮ ಮನೆಯೇ ಸರಿಯಿಲ್ಲ ಎಂದ ಹಾಗೆ ಕೇಳುತ್ತದೆ. ಇವರು ಕೂತೇ ಹೇಳಿದರು. ಆವುಲಪ್ಪನವರು ತಲೆಯಾಡಿಸುತ್ತಾ ಕೇಳಿದರು. ಆಮೇಲೆ ಮಾತು ರೇಷ್ಮೆ ಗೂಡಿನ ರೇಟಿನ ಕಡೆಗೆ ತಿರುಗಿತು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಕಥೆ. ಮನೆಗೆ ಬಂದು ಒಂದು ಹಳೆಯ ಕ್ಯಾಲೆಂಡರಿನ ಹಿಂದೆ ಬೀಗರ ಅಂಗಳದ ಚಿತ್ರ ಬರೆದರು. ಇಲ್ಲಿ ಮನೆ, ಇಲ್ಲಿ ಹುಳು ಮನೆ, ಇಲ್ಲಿ ಶೆಡ್ಡು, ಇಲ್ಲಿ ನೆಲದಲ್ಲಿ ಕಾಲುವೆ ತೋಡಿ ಕೇಬಲ್ ಹಾಕಬೇಕು, ಇಲ್ಲಿ ಅರ್ಥಿಂಗ್ ಗುಂಡಿ. ದಿನಾ ಅದನ್ನು ತೆಗೆದು ನೋಡುವುದು, ಮಡಿಸಿಡುವುದು. ಮಗಳಿಗೆ ಫೋನು ಮಾಡಿದರೆ ಚೆನ್ನಾಗಿದ್ದೀಯಾ ಎಂಬುದಕ್ಕಿಂತ ಮೊದಲು, ಹುಳು ಮನೆಗೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತೀಯಾ ಎಂಬ ಪ್ರಶ್ನೆ. ಅಲ್ಲಿ ಹೊರಗಿನ ಚಪ್ಪಲಿ ಒಳಗೆ ಹೋಗುವಂತಿಲ್ಲ. ಬಾಗಿಲಲ್ಲೇ ಔಷಧಿ ನೀರಿನಲ್ಲಿ ಕಾಲು ಅದ್ದಿ, ಬರಿಗಾಲಲ್ಲಿ, ಒದ್ದೆಗಾಲಲ್ಲಿ ಒಳಗೆ ಹೋಗಬೇಕು. ಹುಳುವಿಗೆ ರೋಗ ತಾಗಬಾರದೆಂದು ಅಮ್ಮಾಜಮ್ಮನವರ ಕಟ್ಟುನಿಟ್ಟು. ಇದನ್ನು ಹರಿತಾ ಸಹಜವಾಗಿ ಹೇಳಿದಳು. ಇವರು ಫೋನು ನನ್ನ ಕೈಗೆ ಕೊಟ್ಟು ಎದ್ದು ಹಿತ್ತಲಿಗೆ ಹೋಗಿ ಸುಮ್ಮನೆ ಅತ್ತಿಂದಿತ್ತ ಓಡಾಡಿದರು.

ಕೊನೆಗೆ ಹರಿತಾಗೇ ಬೇಸರ ಬಂತು. ಅಮ್ಮಾ, ಅಪ್ಪನಿಗೆ ಹೇಳು, ಇಲ್ಲಿ ಎಲ್ಲರೂ ಇದೇ ವೈರಿನ ಕೆಳಗೆ ಓಡಾಡಿಕೊಂಡಿದ್ದಾರೆ, ನನಗೊಬ್ಬಳಿಗೇ ಏನಾಗುತ್ತದೆ, ದಿನಾ ಇದೇ ಕೇಳಿದರೆ ಅತ್ತೆ ಏನಂದುಕೊಳ್ಳುತ್ತಾರೆ ಎಂದಳು. ಅವಳ ಮಾತೂ ಸರಿಯೇ. ಇವರು ಫೋನು ಮಾಡುವುದನ್ನು ನಿಲ್ಲಿಸಿದರು. ಬದಲಿಗೆ ಶಿಡ್ಲಘಟ್ಟದ ಕಡೆ ಏನೂ ಕೆಲಸವಿಲ್ಲದಿದ್ದರೂ ಗಾಡಿಯಲ್ಲಿ ಹೋಗಿ, ಬೀಗರ ಮನೆಯ ಮುಂದಿನ ರಸ್ತೆಯಲ್ಲಿ ನಿಧಾನವಾಗಿ ಹಾದು, ವೈರು ಹಾಗೇ ಇದೆಯೇ ಎಂದು ನೋಡಿ ತಿರುಗಿ ಬರುತ್ತಿದ್ದರಂತೆ. ಇದು ನನಗೆ ಆಮೇಲೆ ಗೊತ್ತಾದದ್ದು. ಮಗಳಿರುವ ಮನೆಯ ಮುಂದೆ ಹೋಗಿ ಒಳಗೆ ಕಾಲಿಡದೆ ಬಂದಿದ್ದಾರಲ್ಲ ಈ ಮನುಷ್ಯ ಎಂದು ಸಂಕಟಪಟ್ಟೆ.

ಮೊದಲ ಸಂಕ್ರಾಂತಿಗೆ ಬೀಗರಿಗೆ ತಟ್ಟೆ ಕಳಿಸಬೇಕಿತ್ತು. ಸೀರೆ, ಪಂಚೆ, ಎಳ್ಳು ಬೆಲ್ಲ, ಬಳೆ, ಹಣ್ಣು ಎಲ್ಲ ಜೋಡಿಸಿ ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಸೀರೆಯ ಮೇಲೆ ಒಂದು ರಟ್ಟಿನ ಡಬ್ಬಿ ಕೂತಿತ್ತು. ಕರೆಂಟು ಎಲ್ಲಾದರೂ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಾನಾಗಿ ಕಟ್ಟಾಗುವ ಟ್ರಿಪ್ ಸ್ವಿಚ್ಚು. ಬಳೆಯ ಪಕ್ಕ ಸ್ವಿಚ್ಚು ಇಡುವುದು ಯಾವ ಶಾಸ್ತ್ರ ಎಂದು ಜಗಳವಾಡಿದೆ. ಇವರು ಒಂದೇ ಸಮನೆ ಅದನ್ನೇ ನೋಡುತ್ತಾ ನಿಂತಿದ್ದರು, ನಾನು ಸೋತೆ.

ಹಬ್ಬ ಕಳೆದು ನಾನು ಹೋದಾಗ ನೋಡುತ್ತೇನೆ, ಆ ಡಬ್ಬಿ ಹಾಲಿನ ಶೋಕೇಸಿನಲ್ಲಿ, ಬೆಳ್ಳಿಯ ಕುಂಕುಮದ ಬಟ್ಟಲ ಪಕ್ಕ ವಿರಾಜಮಾನವಾಗಿದೆ. ಮೇಲೆ ಅರಿಶಿನ ಕುಂಕುಮ. ಶುಕ್ರವಾರದ ಪೂಜೆಯಲ್ಲಿ ಅದಕ್ಕೂ ಒಂದು ಹೂವು. ಬೀಗರು ಪ್ರೀತಿಯಿಂದ ಕೊಟ್ಟದ್ದು, ಹಾಳು ಮಾಡಬಾರದು ಎಂದು ಎತ್ತಿಟ್ಟಿದ್ದೇನೆ ಎಂದರು ಅಮ್ಮಾಜಮ್ಮ. ನನಗೆ ನಗು ಬಂತು. ಮನೆಗೆ ಬಂದು ಹೇಳಿದೆ. ಇವರು ನಗಲಿಲ್ಲ.

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ. ಹುಳು ಮನೆಯವರಿಗೆ ಅದು ಇನ್ನೊಂದು ಥರದ ಕಷ್ಟ, ಒಳಗೆ ತಂಪು ಉಳಿಸಬೇಕು. ಕಿಟಕಿಗಳಿಗೆ ಹೊರಗಿನಿಂದ ಗೋಣಿ ತಾಟು ಇಳಿಬಿಟ್ಟು, ಹೊತ್ತು ಹೊತ್ತಿಗೆ ನೀರು ಸುರಿದು ಒದ್ದೆ ಮಾಡುತ್ತಾರೆ. ಗಾಳಿ ಅದರಲ್ಲಿ ಹಾದು ತಣ್ಣಗಾಗಿ ಒಳಗೆ ಹೋಗುತ್ತದೆ. ಆ ಮನೆಯಲ್ಲಿ ಗೋಣಿ ಒದ್ದೆ ಮಾಡುವುದು ಮೊದಲು ಅಮ್ಮಾಜಮ್ಮನವರ ಕೆಲಸ, ಈಗ ಸೊಸೆಯದು.

ಒಂದು ಭಾನುವಾರ ಬೆಳಿಗ್ಗೆ ಹರಿತಾ ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ, ಕೈಯೆಲ್ಲ ಒಡೆದು ಹೋಗಿದೆ ಅಮ್ಮ ಎಂದಳು. ಹುಳು ಮನೆ ತೊಳೆಯಲು ಸುಣ್ಣ, ಬ್ಲೀಚಿಂಗ್ ಪೌಡರು ಕಲಸಿ ಕಲಸಿ ಹಾಗಾಗಿದೆ. ಗೋಣಿಗೆ ನೀರು ಹಾಕುವಾಗಲಂತೂ ಬೆರಳ ತುದಿ ಜುಮ್ ಜುಮ್ ಎನ್ನುತ್ತದೆ. ಅತ್ತೆಗೂ ಹೋದ ಬೇಸಿಗೆಯಿಂದ ಹಾಗೇ ಅಂತೆ, ಪೌಡರು ಕಚ್ಚಿದರೆ ಹಾಗಾಗುತ್ತದೆ, ಕೊಬ್ಬರಿ ಎಣ್ಣೆ ಹಚ್ಚು ಎಂದಿದ್ದಾರೆ. ನನ್ನ ತವರಿನಲ್ಲಿ ರೇಷ್ಮೆ ಇರಲಿಲ್ಲ, ನನಗೇನು ಗೊತ್ತು. ಇರಬಹುದು ಎಂದುಕೊಂಡೆ. ಆ ಕಡೆಯ ಹೆಂಗಸರ ಕೈಯನ್ನು ನೀವು ನೋಡಿದ್ದರೆ ನೀವೂ ಹಾಗೇ ಅಂದುಕೊಳ್ಳುತ್ತಿದ್ದಿರಿ.

ಮಧ್ಯಾಹ್ನ ಇವರಿಗೆ ಮುದ್ದೆ ಬಡಿಸುತ್ತಾ, ನಿಮ್ಮ ಮಗಳ ಕೈ ನೋಡಿ, ನಮ್ಮ ಮನೆಯಲ್ಲಿ ಒಂದು ಲೋಟ ತೊಳೆಯದವಳು ಎಂದು ಕಥೆಯ ಹಾಗೆ ಹೇಳಿದೆ. ಜುಮ್ ಎನ್ನುತ್ತದಂತೆ ಎಂದೆ. ಇವರ ಕೈ ತಟ್ಟೆಯ ಮೇಲೇ ನಿಂತಿತು. ಯಾವಾಗ ಜುಮ್ ಅನ್ನುತ್ತೆ, ಪೌಡರ್ ಮುಟ್ಟಿದಾಗಲೋ ಗೋಣಿ ಮುಟ್ಟಿದಾಗಲೋ ಎಂದು ಕೇಳಿದರು. ಗೋಣಿಗೆ ನೀರು ಹಾಕುವಾಗ ಅಂದಳು ಎಂದೆ.

“ಅದು ಪೌಡರಲ್ಲ ಕಣೇ,” ಎಂದರು. ಎದ್ದುಬಿಟ್ಟರು.

ಕೈ ತೊಳೆಯಲಿಲ್ಲ. ಎಡಗೈಯಲ್ಲಿ ಮಗಳಿಗೆ ಫೋನು ಮಾಡಿದರು, ಎತ್ತಲಿಲ್ಲ. ಹುಳು ಮನೆಗೆ ಫೋನು ಒಯ್ಯುವಂತಿಲ್ಲ, ಅದೂ ಅಮ್ಮಾಜಮ್ಮನವರ ಕಾನೂನು. ಅಳಿಯನದು ರಿಂಗಾಗಿ ನಿಂತಿತು. ಮೂರನೆಯದು ಆವುಲಪ್ಪನವರಿಗೆ. ಅವರು ಎತ್ತಿದರು, ಊಟ ಆಯಿತಾ ಬೀಗರೇ, ಬೀಗಿತ್ತಿ ಆರೋಗ್ಯವಾ ಎಂದು ಮರ್ಯಾದೆಯ ಪಲ್ಲವಿ ಶುರು ಮಾಡಿದರು. ಇವರು ನಡುವೆ ಬಾಯಿ ಹಾಕಿ, ಕಿಟಕಿಗೆ ಕರೆಂಟ್ ಇಳಿದಿದೆ, ಮೈನ್ ಆಫ್ ಮಾಡಿ ಎಂದರು. ಅತ್ತಲಿಂದ ನಗು. ಅದು ಬ್ಲೀಚಿಂಗು ಬೀಗರೇ, ನಮ್ಮ ಮನೆ ಹೆಂಗಸರಿಗೆಲ್ಲ ಹಂಗೇ. ಹುಳು ಕೊನೇ ಮೇವಿಗೆ ಬಿದ್ದಿದೆ, ಈ ಬಿಸಿಲಲ್ಲಿ ಫ್ಯಾನ್ ನಿಲ್ಲಿಸಿದರೆ ಒಂದೂ ಗೂಡು ಕಟ್ಟಲ್ಲ ಎಂದರಂತೆ. ಹೋಗಲಿ, ನಾನು ಬರುವವರೆಗೆ ಯಾರೂ ಗೋಣಿ ಮುಟ್ಟಬೇಡಿ ಎಂದು ಇವರು ಬೇಡಿಕೊಂಡರು. ಆಗಲಿ ಆಗಲಿ, ಬನ್ನಿ, ಊಟಕ್ಕೇ ಬನ್ನಿ ಎಂದು ಫೋನಿಟ್ಟರು.

ಆ ‘ಆಗಲಿ’ ಬರೀ ಮರ್ಯಾದೆಗೆ ಆಡಿದ ಮಾತೆಂದು ನನಗೂ ಗೊತ್ತಾಯಿತು. ನಾನು ಉಟ್ಟ ಸೀರೆಯಲ್ಲೇ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಹಿಂದೆ ಕೂತು ಒಂದೇ ಸಮನೆ ಹರಿತಾಳ ನಂಬರು ಒತ್ತುತ್ತಿದ್ದೆ. ಎರಡೂ ಕಡೆ ತೋಟ, ಹೂವಿನ ಹೊಲ, ದ್ರಾಕ್ಷಿ ಚಪ್ಪರ, ಎಲ್ಲದರ ಮೇಲೂ ತಂತಿ. ಇಷ್ಟು ವರ್ಷ ಇವರ ಹುಚ್ಚಿಗೆ ನಕ್ಕವಳು ನಾನು. ಅವತ್ತು ನನ್ನ ಕಣ್ಣಿಗೂ ತಂತಿ ಬಿಟ್ಟರೆ ಬೇರೆ ಕಾಣಲಿಲ್ಲ. ಇಬ್ಬರು ಮುದುಕರ ಹಾಗೆ ಮರ್ಯಾದೆ ಮರ್ಯಾದೆ ಎಂದು ಕೂತು ಮಗಳನ್ನು ಕಳೆದುಕೊಂಡೆವಾ ಎಂದು ನನ್ನನ್ನೇ ಶಪಿಸಿಕೊಂಡೆ.

ಬೀಗರ ಮನೆಯ ಮುಂದೆ ಗಾಡಿ ನಿಲ್ಲಿಸದೆ ಇವರು ನೇರ ಅಂಗಳಕ್ಕೇ ನುಗ್ಗಿಸಿದರು. ಜಗಲಿಯ ಮೇಲಿದ್ದ ಆವುಲಪ್ಪನವರು ಎದ್ದು ನಿಂತು ಹೆಗಲ ಟವೆಲ್ ಸರಿ ಮಾಡಿಕೊಂಡರು. ಹಿಂದೆ ಹುಳು ಮನೆಯ ಗೋಡೆಯ ಬಳಿ ಹರಿತಾ ನಿಂತಿದ್ದಳು. ಬರಿಗಾಲು, ಕಾಲ ಕೆಳಗೆ ನೀರು ಹರಿದು ನೆಲ ಒದ್ದೆ. ಸೊಂಟದಲ್ಲಿ ತುಂಬಿದ ಬಿಂದಿಗೆ, ಇನ್ನೊಂದು ಕೈ ಗೋಣಿ ಸರಿಪಡಿಸಲು ಮೇಲೆದ್ದಿತ್ತು.

“ಹರಿತಾ, ಬಿಂದಿಗೆ ಕೆಳಗಿಡಮ್ಮ. ಈ ಕಡೆ ಬಾ,” ಎಂದರು ಇವರು. ಕೂಗಲಿಲ್ಲ. ಕೂಗಿದರೆ ಬೆಚ್ಚಿ ಸರಳು ಹಿಡಿದುಕೊಂಡುಬಿಡುತ್ತಾಳೆ ಎಂದು ಭಯವಾಗಿತ್ತು ಎಂದು ಆಮೇಲೆ ಹೇಳಿದರು.

ಅವಳು ಅಪ್ಪನ ಮುಖ ನೋಡಿದಳು, ಬಿಂದಿಗೆ ಇಟ್ಟಳು, ಬಂದಳು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಬಿಡಲಿಲ್ಲ.

ಇವರು ಜೇಬಿನಿಂದ ಟೆಸ್ಟರ್ ತೆಗೆದು ಕಿಟಕಿಯ ಸರಳಿಗೆ ಮುಟ್ಟಿಸಿ, ಬಿಸಿಲು ಬೀಳದಂತೆ ಅಂಗೈ ಅಡ್ಡ ಹಿಡಿದು, ಬೀಗರನ್ನು ಹತ್ತಿರ ಕರೆದರು. ಆವುಲಪ್ಪನವರು ಬಗ್ಗಿ ನೋಡಿದರು. ಒಳಗೆ ಕೆಂಪಗೆ ಉರಿಯುತ್ತಿತ್ತು. ಇವರು ಯಾರ ಒಪ್ಪಿಗೆಯನ್ನೂ ಕಾಯದೆ ಮನೆಯೊಳಗೆ ಚಪ್ಪಲಿ ಕಾಲಲ್ಲೇ ಹೋಗಿ ಮೀಟರಿನ ಕೆಳಗಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಬಂದರು. ಹುಳು ಮನೆಯ ಫ್ಯಾನುಗಳು ನಿಂತವು. ಅಮ್ಮಾಜಮ್ಮ ಒಳಗಿನಿಂದ, ಯಾರದು ಕರೆಂಟ್ ತೆಗೆದದ್ದು ಎಂದು ಸಿಟ್ಟಿನಲ್ಲಿ ಬಂದವರು ನಮ್ಮನ್ನೆಲ್ಲ ನೋಡಿ ಬಾಗಿಲಲ್ಲೇ ನಿಂತರು.

ಆವುಲಪ್ಪನವರು ಕಿಟಕಿಯನ್ನೇ ನೋಡುತ್ತಿದ್ದರು. “ಬೀಗರೇ, ಹೋದ ಬೇಸಿಗೆ ಈ ಸರಳಿಗೇ ಕರು ಕಟ್ಟಿದ್ವಿ,” ಎಂದರು. “ನೀರು ಹಾಕಿ ಬರೋಷ್ಟರಲ್ಲಿ ಸತ್ತು ಬಿದ್ದಿತ್ತು. ಹಾವು ಮುಟ್ಟಿರಬೇಕು ಅಂದ್ಕೊಂಡ್ವಿ. ಇವಳು ಇವತ್ತಿಗೂ ಹುತ್ತಕ್ಕೆ ಹಾಲೆರೀತಾಳೆ.”

ಅಮ್ಮಾಜಮ್ಮ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ನನ್ನ ಕೈಯಲ್ಲಿದ್ದ ಹರಿತಾಳ ಕೈಯನ್ನು ನೋಡಿದರು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಹೆಂಗಸು ಒಂದು ಬೇಸಿಗೆ ಪೂರ್ತಿ ಆ ಗೋಣಿ ಮುಟ್ಟಿ ಎಣ್ಣೆ ಹಚ್ಚಿಕೊಂಡು ಬದುಕಿದ್ದಾರೆ. ಹೇಗೆ ಬದುಕಿದರೋ ದೇವರಿಗೇ ಗೊತ್ತು.

ಇವರು ಏಣಿ ಎಲ್ಲಿದೆ ಎಂದರು. ಈ ಸಲ ಯಾರೂ ಕೂಚೋಂಡಿ ಎನ್ನಲಿಲ್ಲ. ಆವುಲಪ್ಪನವರು ಟವೆಲ್ ಸೊಂಟಕ್ಕೆ ಸುತ್ತಿಕೊಂಡು ತೋಟದ ಕಡೆ ಹೋದರು, ಬಿದಿರಿನ ಏಣಿಯನ್ನು ತಮ್ಮ ಹೆಗಲ ಮೇಲೇ ಹೊತ್ತು ತಂದರು, ಗೋಡೆಗೆ ಚಾಚಿದರು. “ಹತ್ತಿ ಬೀಗರೇ, ನಾನು ಹಿಡ್ಕೊಂತೀನಿ,” ಎಂದರು. ಹಿಡಿದುಕೊಂಡರು. ಬೇಲಿಯಾಚೆ ಊರಿನವರು ಇಬ್ಬರು ಮೂವರು ನಿಂತು ನೋಡುತ್ತಿದ್ದರು. ಆವುಲಪ್ಪನವರು ಅತ್ತ ತಿರುಗಲೂ ಇಲ್ಲ.

ಮೇಲೆ, ತಗಡಿನ ಅಂಚು ಉಜ್ಜುತ್ತಿದ್ದ ಕಡೆ ವೈರಿನ ಮೈ ಸುಲಿದು ಒಳಗಿನ ಲೋಹ ಕಾಣುತ್ತಿತ್ತು. ಗಾಳಿ ಬಂದಾಗಲೆಲ್ಲ ಅದು ಹೋಗಿ ಕಬ್ಬಿಣದ ತಂತಿಗೆ ತಾಗಬೇಕು, ತಂತಿಯಿಂದ ಸರಳಿಗೆ, ಸರಳಿನಿಂದ ಒದ್ದೆ ಗೋಣಿಗೆ. ಅದಕ್ಕೇ ಒಮ್ಮೆ ಜುಮ್ ಎನ್ನುವುದು, ಒಮ್ಮೆ ಇಲ್ಲದಿರುವುದು. ಗಾಳಿ ಸ್ವಲ್ಪ ಜೋರಾಗಿದ್ದ ದಿನ, ಕಾಲ ಕೆಳಗೆ ನೀರು ಸ್ವಲ್ಪ ಹೆಚ್ಚಿದ್ದ ದಿನ ಏನಾಗುತ್ತಿತ್ತೆಂದು ಇವರು ಹೇಳಲಿಲ್ಲ. ವೈರು, ತಂತಿ ಎಲ್ಲ ಕತ್ತರಿಸಿ ಅಂಗಳಕ್ಕೆ ಎಸೆದರು.

ಈಗ ಹುಳುವಿನ ಗತಿ? ಗೋಣಿಗಳನ್ನು ಕಿತ್ತೆವು, ಕಿಟಕಿಗಳೆಲ್ಲ ತೆರೆದೆವು. ನೊಣ ಬರದಂತೆ ಬಲೆ ಹೇಗೂ ಇತ್ತು. ನನಗೂ ಔಷಧಿ ನೀರಿನಲ್ಲಿ ಕಾಲು ಅದ್ದಿಸಿ ಒಳಗೆ ಬಿಟ್ಟರು. ನಾನು, ಹರಿತಾ, ಅಮ್ಮಾಜಮ್ಮ ಮೂವರೂ ಮೊರ ಹಿಡಿದು ಸಂಜೆಯವರೆಗೆ ಗಾಳಿ ಬೀಸಿದೆವು. ಹುಳುಗಳು ಸೊಪ್ಪು ಮೇಯುವ ಸದ್ದು ಮಳೆ ಹನಿಯುವ ಹಾಗೆ ಕೇಳುತ್ತಿತ್ತು. ತೋಳು ಬಿದ್ದುಹೋಯಿತು. ಅಳಿಯ ಬಂದವನು ವಿಷಯ ಕೇಳಿ ಮುಖ ಬಿಳಿಚಿಕೊಂಡು, ಮಾವ ಬರೆದುಕೊಟ್ಟದ್ದನ್ನೆಲ್ಲ ತರಲು ಹಾಗೇ ಶಿಡ್ಲಘಟ್ಟಕ್ಕೆ ಕಾರು ತಿರುಗಿಸಿದ.

ಮಾರನೆಯ ದಿನ ಅಂಗಳದಲ್ಲಿ ಕಾಲುವೆ ತೋಡಿದರು. ಮಂಡಿಗಿಂತ ಆಳ. ಮನೆಯ ಬೋರ್ಡಿನಿಂದ ಹುಳು ಮನೆಗೆ ಒಂದು ಕೇಬಲ್, ಕಾರಿನ ಶೆಡ್ಡಿಗೆ ಬೇರೆಯದೇ ಇನ್ನೊಂದು. ಒಂದರ ತಪ್ಪು ಇನ್ನೊಂದಕ್ಕೆ ಹೋಗಬಾರದು. ಮೈಗೆ ಉಕ್ಕಿನ ಕವಚ ಇರುವ ಕೇಬಲ್ಲು. ಕೆಳಗೆ ಮರಳು, ಕೇಬಲ್, ಮತ್ತೆ ಮರಳು, ಅದರ ಮೇಲೆ ಸಾಲಾಗಿ ಇಟ್ಟಿಗೆ. ಇಟ್ಟಿಗೆ ಯಾಕೆ ಎಂದು ಆವುಲಪ್ಪನವರು ಕೇಳಿದರು. ನಾಳೆ ಯಾರೋ ಗಿಡ ನೆಡಲು ಇಲ್ಲಿ ಗುದ್ದಲಿ ಹಾಕಿದರೆ ಮೊದಲು ಇಟ್ಟಿಗೆಗೆ ತಾಗಲಿ, ಏನೋ ಇದೆ ಎಂದು ಕೈ ನಿಲ್ಲಲಿ ಎಂದರು ಇವರು. ಆವುಲಪ್ಪನವರು ಮನೆ ಹಿಂದಿನ ಇಟ್ಟಿಗೆಯೆಲ್ಲ ತಾವೇ ಹೊತ್ತು ತಂದು ಜೋಡಿಸಿದರು. ಟ್ರಾಕ್ಟರ್ ಹಾಯುವ ಕಡೆ ಕೇಬಲ್ಲನ್ನು ದಪ್ಪ ಪೈಪಿನೊಳಗೆ ತೂರಿಸಿದರು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಗುಂಡಿಯನ್ನು ಬಚ್ಚಲ ನೀರು ಬೀಳುವ ಕಡೆ ತೋಡಿಸಿದರು. ಇದು ಯಾವಾಗಲೂ ತೇವ ಇರಬೇಕು, ಬಚ್ಚಲ ನೀರನ್ನು ಬಾಳೆಗೆ ತಿರುಗಿಸಬೇಡಿ ಅಮ್ಮ ಎಂದು ಅಮ್ಮಾಜಮ್ಮನವರಿಗೆ ಹೇಳಿದರು. ಅವರು ದೇವರ ಮಾತಿನ ಹಾಗೆ ಕೇಳಿಸಿಕೊಂಡರು.

ಕೊನೆಗೆ ಬೋರ್ಡು. ಅಮ್ಮಾಜಮ್ಮ ಒಳಗೆ ಹೋಗಿ ಶೋಕೇಸಿನಿಂದ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ತಂದುಕೊಟ್ಟರು. ಒಣಗಿದ ಹೂವು ಇನ್ನೂ ಅದರ ಮೇಲಿತ್ತು. ಒಳಗಿನ ಸ್ವಿಚ್ಚಿಗೂ ಒಂದು ಬೊಟ್ಟು ಕುಂಕುಮ ಇಟ್ಟಿದ್ದರು. ಇವರು ಅದನ್ನು ಒರೆಸದೆ ಹಾಗೇ ಕೂರಿಸಿದರು. ಎರಡು ವೈರು ಜೋಡಿಸಿದ ಟೆಸ್ಟ್ ಬಲ್ಬು ಹಿಡಿದು ಬೇಕೆಂದೇ ಕರೆಂಟು ಸೋರುವ ಹಾಗೆ ಮಾಡಿ ತೋರಿಸಿದರು. ಟಕ್ ಎಂದು ಎಲ್ಲ ಕಟ್ಟಾಯಿತು. ಮತ್ತೊಮ್ಮೆ ಮಾಡಿದರು. ಮತ್ತೊಮ್ಮೆ. ಸಾಕು ಬಿಡಿ ಎಂದೆ ನಾನು.

ಸಂಜೆಗೆ ಫ್ಯಾನು ತಿರುಗಿದವು. ಗೋಣಿಗಳನ್ನು ಮತ್ತೆ ಕಟ್ಟಿದರು, ಈ ಸಲ ಮರದ ಗಳಕ್ಕೆ. ಹರಿತಾ ಬಿಂದಿಗೆ ತುಂಬಿಕೊಂಡು ಬಂದು ನೀರು ಸುರಿದಳು. ಇವರು ಮೊದಲು ಟೆಸ್ಟರ್ ಹಿಡಿದರು, ಉರಿಯಲಿಲ್ಲ. ಆಮೇಲೆ ತಮ್ಮ ಕೈಯ ಹಿಂಭಾಗವನ್ನು ಸರಳಿಗೆ ತಾಗಿಸಿದರು. ಕಸುಬಿನವರು ಹಾಗೇ ಮುಟ್ಟುವುದು, ಕರೆಂಟಿದ್ದರೆ ಬೆರಳು ಮಡಿಚಿ ಸರಳನ್ನೇ ಹಿಡಿದುಕೊಳ್ಳಬಾರದಲ್ಲ. ಆಮೇಲೆ ಅಂಗೈಯನ್ನೇ ಒದ್ದೆ ಗೋಣಿಗೆ ಒತ್ತಿ ನಿಂತರು. ಏನೂ ಆಗಲಿಲ್ಲ. ಈಗ ಮಗಳಿಗೆ ಮುಟ್ಟಮ್ಮ ಎನ್ನಬೇಕು. ಮನುಷ್ಯನ ಬಾಯಿಂದ ಮಾತೇ ಹೊರಡಲಿಲ್ಲ. ಇಷ್ಟು ದಿನ ಮುಟ್ಟಬೇಡ ಮುಟ್ಟಬೇಡ ಎಂದು ಹೇಳಿದ ಬಾಯಿ. ನನಗೆ ಅಳು ಬಂತು, ಬೇರೆ ಕಡೆ ನೋಡಿದೆ.

ಹರಿತಾ ಅಪ್ಪನ ಮುಖ ನೋಡಿದಳು. ತಾನೇ ಮುಂದೆ ಬಂದು ಎರಡೂ ಅಂಗೈಗಳನ್ನು ಗೋಣಿಯ ಮೇಲೆ, ಅವರ ಕೈಯ ಪಕ್ಕ ಇಟ್ಟಳು. ಹಾಗೇ ನಿಂತಳು.

“ತಣ್ಣಗಿದೆ ಅಪ್ಪ,” ಎಂದಳು. “ಅಷ್ಟೇ.”

ಆವುಲಪ್ಪನವರು ಹೊಂಗೆ ಮರದ ಕೆಳಗೆ ಕುರ್ಚಿ ತಂದಿಟ್ಟು, ಮೆಲ್ಲಗೆ, ಕೂಚೋಂಡಿ ಬೀಗರೇ ಎಂದರು. ನಮ್ಮವರು ಮಣ್ಣಿನ ಕೈಯಲ್ಲೇ ಹೋಗಿ ಕೂತರು. ಮೇಲೆ ನೋಡಿದರು. ಅಂಗಳದ ಮೇಲೆ ಬರೀ ಹೊಂಗೆಯ ಎಲೆ, ಆಕಾಶ. ಬೆನ್ನನ್ನು ಕುರ್ಚಿಗೆ ಒರಗಿಸಿದರು. ಅಮ್ಮಾಜಮ್ಮ ಕಾಫಿ ತರುವಷ್ಟರಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು, ನಾವು ಯಾರೂ ಎಬ್ಬಿಸಲಿಲ್ಲ.